ಹುಲ್ಲಿನ ಮಷೀನಿನ ವೈರು

ಕುರಿದೊಡ್ಡಿ ತೊಳೆಯುವ ಮೆನ್ನಾಗೆ ಕರೆಂಟ್ ಹೊಡೆದ ದಿನ ಓಡಿಹೋಗಿ ಗೋಡೆಯಿಂದ ಪ್ಲಗ್ಗು ಕಿತ್ತವನು ಎಮ್ರಿಸ್ ಬೆವನ್. ಬ್ರಿನ್‌ಗೋಲ್‌ನ ಕುರಿಸಂತೆಯಲ್ಲಿ ಇಪ್ಪತ್ತೇಳು ವರ್ಷದಿಂದ ಅವನೇ ಮೇಸ್ತ್ರಿ. ಅವತ್ತು ಗುರುವಾರದ ಹರಾಜು ಮುಗಿದು, ಲಾರಿಗಳೆಲ್ಲ ಗುಡ್ಡ ಹತ್ತಿ ಮರೆಯಾಗಿ, ಖಾಲಿ ದೊಡ್ಡಿಗಳನ್ನು ತೊಳೆಯುವ ಹೊತ್ತು. ಏಳನೆಯ ಸಾಲಿನ ಕಡೆಯಿಂದ ಒಂದು ಸದ್ದು ಬಂತು. ಕೂಗಲ್ಲ, ಗಂಟಲಲ್ಲಿ ಉಸಿರು ಸಿಕ್ಕಿಕೊಂಡಂಥ ಸದ್ದು. ತಿರುಗಿ ನೋಡಿದರೆ ಮೆನ್ನಾ ನೀರಿನ ಪ್ರೆಷರ್ ಪಂಪಿನ ಕಬ್ಬಿಣದ ಹಿಡಿಗೆ ಅಂಟಿಕೊಂಡು ನಡುಗುತ್ತಿದ್ದಳು. ಅವಳ ರಬ್ಬರ್ ಬೂಟು ಹಿಂದಿನ ವಾರವೇ ಸೀಳಿತ್ತು; ನೆಲದ ತುಂಬ ನೀರು.

ಅವನು ಪ್ಲಗ್ಗು ಕಿತ್ತ. ಅವಳ ಕೈ ಬಿಟ್ಟುಕೊಂಡಿತು, ದೊಡ್ಡಿಯ ಗೇಟಿನ ಮೇಲೆ ಬಿದ್ದಳು. ಭುಜದ ಮೂಳೆ ಮುರಿದದ್ದು ಅವನಿಗೆ ನಿಂತಲ್ಲಿಗೇ ಕೇಳಿಸಿತು. ಯಾರೋ ಆಂಬುಲೆನ್ಸಿಗೆ ಫೋನು ಮಾಡಲು ಓಡಿದರು. ಎಮ್ರಿಸನ ಕೈಯಲ್ಲಿ ಪ್ಲಗ್ಗು ಹಾಗೇ ಇತ್ತು. ಅದರ ಮೇಲೊಂದು ಹಸಿರು ಚೀಟಿ. ಚೀಟಿಯಲ್ಲಿ ಮಾರ್ಚ್ ತಿಂಗಳ ತಾರೀಖು, ‘ಪಾಸ್’ ಎಂಬ ಒಂದು ಮಾತು, ಕರೆಂಟ್ ಸಾಮಾನು ಪರೀಕ್ಷೆ ಮಾಡುವ ಇಡ್ವಲ್ ರೀಸನ ಸಣ್ಣ ಸಹಿ. ಪ್ಲಗ್ಗಿನಿಂದ ಹೊರಟ ವೈರಿನ ಬಣ್ಣ ಕಿತ್ತಳೆ.

ಆ ವೈರು ಪಂಪಿನದಲ್ಲ. ಅದನ್ನು ಅಲ್ಲಿಗೆ ಹಾಕಿದವನು ಅವನೇ.

ಮಾರ್ಚಿನ ಎರಡನೆಯ ಮಂಗಳವಾರ ಬ್ರಿನ್‌ಗೋಲ್‌ನವರು ಕುರಿ ಬಿಟ್ಟು ಕೆಟಲ್‌ಗಳನ್ನು ದೊಡ್ಡಿಗೆ ತುಂಬುತ್ತಾರೆ ಎಂಬುದು ಸಂತೆಯ ಹಳೆಯ ತಮಾಷೆ. ಪ್ರತಿ ವರ್ಷ ಅವತ್ತು ಬೆಳಿಗ್ಗೆ ಎಮ್ರಿಸ್ ಪ್ಲಗ್ಗಿರುವ ಸಾಮಾನನ್ನೆಲ್ಲ ಹುಡುಕಿ ತಂದು ಕ್ಯಾಂಟೀನಿನ ಮೇಜುಗಳ ಮೇಲೆ ಸಾಲಾಗಿ ಇಡುತ್ತಿದ್ದ. ಚಹಾದ ದೊಡ್ಡ ಪಾತ್ರೆ, ಬ್ರೆಡ್ಡು ಸುಡುವ ಡಬ್ಬಿ, ಆಫೀಸಿನ ಹೀಟರು, ಹರಾಜು ಕೂಗುವವನ ಮೈಕು, ಮುಂದಿನ ಅಂಗಳದ ಹುಲ್ಲು ಕೊಯ್ಯುವ ಮಷೀನು. ಇಡ್ವಲ್ ತನ್ನ ಹಳದಿ ಪೆಟ್ಟಿಗೆ ತೆರೆದು ಒಂದೊಂದಾಗಿ ಪರೀಕ್ಷೆ ಮಾಡಿ, ಸರಿಯಿದ್ದದ್ದರ ಪ್ಲಗ್ಗಿಗೆ ಹಸಿರು ಚೀಟಿ ಅಂಟಿಸುತ್ತಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು.

“ಈ ಕೆಟಲ್ಲು ನಿನಗಿಂತ ಗಟ್ಟಿಯಾಗಿದೆ ಕಣೋ,” ಎಂದಿದ್ದ ಇಡ್ವಲ್ ಈ ವರ್ಷ. “ನಿನ್ನನ್ನೂ ಮೇಜಿನ ಮೇಲೆ ಮಲಗಿಸಿ ನೋಡ್ಲಾ?”

“ನೋಡು. ಫೇಲ್ ಆದ್ರೆ ಮನೆಗೆ ಕಳಿಸ್ತಾರೆ, ಅಷ್ಟೇ ತಾನೆ.”

ಪಂಪು ಭಾರದ್ದು, ಕ್ಯಾಂಟೀನಿಗೆ ತರುವಂತಿರಲಿಲ್ಲ. ಕೊನೆಗೆ ಇಡ್ವಲ್ ತಾನೇ ದೊಡ್ಡಿಗಳ ಕಡೆ ಹೋದ. ಜಡಿಮಳೆ. ಎಮ್ರಿಸ್ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ. ಇಡ್ವಲ್ ಮಂಡಿಯೂರಿ ಪಂಪಿನ ಕಪ್ಪು ವೈರಿನ ಪ್ಲಗ್ಗು ಬಿಚ್ಚಿ ಒಳಗಿನ ಮೂರು ತಂತಿಯನ್ನೂ ಎಳೆದು ನೋಡಿ, ಪೆಟ್ಟಿಗೆಗೆ ಜೋಡಿಸಿ, ಮೀಟರಿನ ಅಂಕಿ ನಿಲ್ಲುವ ತನಕ ಕಾದು, ಆಮೇಲೆಯೇ ಚೀಟಿ ಅಂಟಿಸಿದ್ದು. ಇದನ್ನು ಕಂಡವನು ಎಮ್ರಿಸ್ ಒಬ್ಬನೇ.

ಸೆಪ್ಟೆಂಬರಿನಲ್ಲಿ ವರ್ಷದ ದೊಡ್ಡ ಕುರಿ ಹರಾಜು. ಬೆಳಗ್ಗೆ ಆರೂವರೆಗೆ ಒಂದು ಲಾರಿ ಹಿಮ್ಮುಖವಾಗಿ ಬಂದು ಪಂಪಿನ ವೈರಿನ ಮೇಲೆ ಹತ್ತಿ, ಪ್ಲಗ್ಗಿನ ಸಮೇತ ಜಜ್ಜಿಹಾಕಿತು. ತೊಳೆಯದ ದೊಡ್ಡಿಗೆ ಕುರಿ ಬಿಡಲು ಪಶುವೈದ್ಯ ಒಪ್ಪುವುದಿಲ್ಲ. ಗೇಟಿನಾಚೆ ಆಗಲೇ ಎಂಟು ಗಾಡಿ. ಹುಲ್ಲು ಕೊಯ್ಯುವ ಮಷೀನಿನ ಮೋಟಾರು ಆಗಸ್ಟಿನಲ್ಲೇ ಸುಟ್ಟುಹೋಗಿ ಅದು ಗುಜರಿಗೆ ಹೋಗಲು ಮೂಲೆಯಲ್ಲಿ ಕೂತಿತ್ತು. ಅದರ ಕಿತ್ತಳೆ ವೈರು ಇನ್ನೂ ಗಟ್ಟಿಯಾಗಿತ್ತು, ಪ್ಲಗ್ಗಿನ ಮೇಲೆ ಹಸಿರು ಚೀಟಿಯೂ ಇತ್ತು. ಎಮ್ರಿಸ್ ಅದನ್ನು ಕತ್ತರಿಸಿ ತಂದು ಪಂಪಿನ ಮುಚ್ಚಳ ಬಿಚ್ಚಿದ. ಒಳಗೆ ಮೂರು ಸ್ಕ್ರೂ. ಹುಲ್ಲಿನ ಮಷೀನಿಗೆ ಪ್ಲಾಸ್ಟಿಕ್ಕಿನ ಮೈ, ಅರ್ಥಿಂಗ್ ಬೇಕಿಲ್ಲ. ಅದರ ವೈರಿನಲ್ಲಿ ಎರಡೇ ತಂತಿ. ಎರಡನ್ನು ಬಿಗಿದ. ಮೂರನೆಯ ಸ್ಕ್ರೂ ಖಾಲಿ ಉಳಿಯಿತು. ಅದು ಯಾತಕ್ಕೆ ಇರುವುದೆಂದು ಅವನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಇವತ್ತೊಂದು ದಿನ, ಸೋಮವಾರ ಸರಿಯಾದದ್ದು ತಂದು ಹಾಕಿದರಾಯಿತು ಎಂದುಕೊಂಡ. ಚೀಟಿಯ ಕಡೆ ಒಮ್ಮೆ ನೋಡಿದ. ಪಾಸಾದ ವೈರೇ ಅಲ್ಲವೇ ಎಂದು ಧೈರ್ಯ ಬಂತು. ಪಂಪು ಓಡಿತು. ಸೋಮವಾರವೂ ಓಡಿತು. ಆಮೇಲೆ ಮೂರು ಗುರುವಾರ ಮೆನ್ನಾ ಅದರಲ್ಲೇ ದೊಡ್ಡಿ ತೊಳೆದಳು. ನಾಲ್ಕನೆಯ ಗುರುವಾರ ನೀರು ಮೋಟಾರಿನೊಳಗೆ ಇಳಿದಿರಬೇಕು, ಕರೆಂಟು ಕಬ್ಬಿಣದ ಮೈಗೆ ಬಂತು. ಅದನ್ನು ನೆಲಕ್ಕೆ ಒಯ್ಯಬೇಕಾದ ತಂತಿ ಇರಲಿಲ್ಲ. ಮೆನ್ನಾ ಇದ್ದಳು.

ಸರ್ಕಾರದ ತಪಾಸಣೆಯವರು ಎರಡೇ ದಿನದಲ್ಲಿ ಬಂದರು. ಬಂದವಳು ಹ್ಯಾರಪ್ ಎಂಬ ಹೆಂಗಸು. ಮಾತು ಮೆಲ್ಲಗೆ, ಬರವಣಿಗೆ ಅದಕ್ಕಿಂತ ಮೆಲ್ಲಗೆ. ಪಂಪಿನ ಮುಚ್ಚಳ ಬಿಚ್ಚಿಸಿ ನೋಡಿ, ಚೀಟಿಯ ಫೋಟೋ ತೆಗೆದು, ಸಂತೆಯ ಯಜಮಾನ ವಾಟ್ಕಿನ್‌ನ ಆಫೀಸಿನಲ್ಲಿ ಕೂತಳು.

“ಪ್ರತಿ ವರ್ಷ ಟೆಸ್ಟ್ ಮಾಡಿಸ್ತೀವಿ ಮೇಡಂ, ಚೀಟಿ ನೋಡಿ, ಕಾನೂನು ಪ್ರಕಾರಾನೇ ಇದೆ,” ಎಂದ ವಾಟ್ಕಿನ್. ಹರಾಜು ಕೂಗಿ ಕೂಗಿ ಅವನಿಗೆ ಸಣ್ಣ ದನಿಯೇ ಮರೆತುಹೋಗಿತ್ತು.

“ಕಾನೂನಲ್ಲಿ ಚೀಟಿ ಅನ್ನೋ ಮಾತೇ ಇಲ್ಲ,” ಎಂದಳು ಅವಳು. “ವರ್ಷಕ್ಕೊಂದು ಸಲ ಅಂತಾನೂ ಇಲ್ಲ. ಕೆಲಸದ ಜಾಗದಲ್ಲಿರೋ ಕರೆಂಟ್ ಸಾಮಾನು ಯಾರಿಗೂ ಅಪಾಯ ಆಗದ ಹಾಗೆ ಇರ್ಬೇಕು, ಹಾಗೆ ಇಟ್ಕೋಬೇಕು. ಇರೋದು ಅಷ್ಟೇ. ಮೊದಲ ಹೊಣೆ ನಿಮ್ಮದು. ಆಮೇಲೆ ಯಾರ ಕೈಯಲ್ಲಿ ಎಷ್ಟಿದೆಯೋ ಅಷ್ಟು ಅವರದು.” ಎಮ್ರಿಸನ ಕಡೆ ತಿರುಗಿದಳು. “ಈ ಸಾಮಾನುಗಳ ಜವಾಬ್ದಾರಿ ಅಂತ ಕಾಗದದಲ್ಲಿ ನಿಮ್ಮ ಹೆಸರಿದೆ. ಮಾರ್ಚ್ ಆದ್ಮೇಲೆ ಪಂಪಿನ ವೈರು ಯಾರಾದ್ರೂ ಬದಲಾಯಿಸಿದ್ರಾ?”

ವಾಟ್ಕಿನ್ ಅವನನ್ನೇ ನೋಡುತ್ತಿದ್ದ. ಕಿಟಕಿಯಾಚೆ ಯಾರದೋ ನಾಯಿ ಬೊಗಳುತ್ತಿತ್ತು.

“ನನಗೆ ತಿಳಿದ ಹಾಗೆ ಇಲ್ಲ ಮೇಡಂ,” ಎಂದ ಎಮ್ರಿಸ್.

ಅವಳು ಅದನ್ನು ಬರೆದುಕೊಂಡಳು. ಬರೆಯಲು ಬಹಳ ಹೊತ್ತು ಹಿಡಿಯಿತು ಎಂದು ಅವನಿಗನ್ನಿಸಿತು.

ಆ ಒಂದು ಮಾತು ನೇರವಾಗಿ ಹೋಗಿ ಇಡ್ವಲ್‌ನ ಮೇಲೆ ಕೂತಿತು. ವೈರು ಬದಲಾಗಿಲ್ಲವೆಂದರೆ, ಎರಡು ತಂತಿಯ ಪಂಪಿಗೆ ಕಣ್ಣುಮುಚ್ಚಿ ಚೀಟಿ ಅಂಟಿಸಿದವನು ಅವನೇ. ಅವನ ಪಟ್ಟಿಯಲ್ಲಿ ‘ಪ್ರೆಷರ್ ಪಂಪು, ಪಾಸ್’ ಎಂದಷ್ಟೇ ಇತ್ತು. ಮೀಟರಿನ ಅಳತೆ ಬರೆದಿಡುವ ಅಭ್ಯಾಸ ಅವನಿಗಿರಲಿಲ್ಲ. ಬರೆದಿದ್ದರೆ ಅದೇ ಅವನ ಸಾಕ್ಷಿಯಾಗುತ್ತಿತ್ತು. ಸುದ್ದಿ ಕಣಿವೆಯ ಉದ್ದಕ್ಕೂ ಹರಿಯಿತು. ನವೆಂಬರಿನ ಹೊತ್ತಿಗೆ ಶಾಲೆಯವರು ಬೇರೆ ಊರಿನಿಂದ ತಪಾಸಣೆಯವನನ್ನು ಕರೆಸಿದರು. ಹಾಲಿನ ಡೇರಿಯವರು ಫೋನು ತೆಗೆಯುವುದನ್ನು ಬಿಟ್ಟರು. ಪ್ರಾರ್ಥನಾ ಮಂದಿರದ ಹಾಡಿನ ಸಾಲಿನಲ್ಲಿ ಅವನು ಹಿಂದೆ ಹೋಗಿ ನಿಲ್ಲತೊಡಗಿದ. ಇಷ್ಟು ವರ್ಷ ಮುಂದಿದ್ದವನು.

ಇಡ್ವಲ್ ಜಗಳಕ್ಕೆ ಬಂದಿದ್ದರೆ ಎಮ್ರಿಸನಿಗೆ ಸುಲಭವಿತ್ತು. ಅವನು ಬರಲಿಲ್ಲ. ಅಂಚೆ ಕಚೇರಿಯ ಮುಂದೆ ಸಿಕ್ಕಾಗ, “ಮಳೆ ಇತ್ತಲ್ವೇನೋ ಅವತ್ತು,” ಎಂದ. “ಕೊಡೆ ನೀನೇ ಹಿಡ್ಕೊಂಡಿದ್ದೆ. ನಾನು ಪ್ಲಗ್ಗು ಬಿಚ್ಚಿದ್ನಾ?”

“ನೆನಪಿಲ್ಲ ಕಣೋ.”

“ನನಗೂ ಇಲ್ಲ. ಯೋಚನೆ ಮಾಡಿ ಮಾಡಿ ಈಗ ಬಿಚ್ಚಿದ್ದೇ ಸುಳ್ಳೇನೋ ಅನ್ಸುತ್ತೆ. ಮೂವತ್ತು ವರ್ಷದಿಂದ ಬಿಚ್ತಾನೇ ಇದ್ದೀನಿ, ಅದರಲ್ಲಿ ಯಾವುದು ಯಾವ್ದೋ.”

ಎಮ್ರಿಸನಿಗೆ ಎಲ್ಲವೂ ನೆನಪಿತ್ತು. ಬಿಚ್ಚಿದ ಪ್ಲಗ್ಗಿನ ಸ್ಕ್ರೂ ಕಳೆದುಹೋಗದಿರಲಿ ಎಂದು ಇಡ್ವಲ್ ಅದನ್ನು ತುಟಿಗಳ ನಡುವೆ ಕಚ್ಚಿ ಹಿಡಿದಿದ್ದು ಸಹ.

ಮುಂದಿನ ಗುರುವಾರ ಕುರಿ ಇಳಿಸುವ ಕಟ್ಟೆಯ ಮೇಲೆ ನಿಂತು ಎಂದಿನಂತೆ ಕುರಿಗಳ ಕಿವಿಯ ಬಿಲ್ಲೆಗಳ ನಂಬರು ಓದುತ್ತಿದ್ದ ಎಮ್ರಿಸ್ ಒಂದು ನಂಬರಿನ ನಡುವೆ ಓದು ನಿಲ್ಲಿಸಿದ. ನಾಲ್ಕು ವರ್ಷದ ಹಿಂದೆ ಇದೇ ಕಟ್ಟೆಯ ಮೇಲೆ ಒಬ್ಬ ರೈತನನ್ನು ಅವನು ಹಿಡಿದಿದ್ದ. ಸತ್ತ ಕುರಿಯ ಕಿವಿಯಿಂದ ಬಿಲ್ಲೆ ಕತ್ತರಿಸಿ ಬೇರೆ ಕುರಿಗೆ ಚುಚ್ಚಿ ತಂದಿದ್ದ ಆ ಮನುಷ್ಯ. ಬಿಡು ಮಾರಾಯ, ಒಂದೇ ಒಂದು ಕುರಿ ಎಂದು ಅಂಗಲಾಚಿದ್ದ. ಎಮ್ರಿಸ್ ಬಿಡಲಿಲ್ಲ. ಅಧಿಕಾರಿಗಳಿಗೆ ಬರೆದುಕೊಟ್ಟ. ಆ ರೈತ ಮತ್ತೆ ಬ್ರಿನ್‌ಗೋಲ್‌ಗೆ ಕುರಿ ತರಲಿಲ್ಲ. ಬೀದಿಯಲ್ಲಿ ಕಂಡರೂ ಮುಖ ತಿರುಗಿಸಿ ಹೋಗುತ್ತಿದ್ದ. ಎಮ್ರಿಸ್ ಅದನ್ನು ಇಷ್ಟು ವರ್ಷ ತನ್ನ ನೆಟ್ಟಗಿನ ನಡತೆಗೆ ಗುರುತೆಂದು ಇಟ್ಟುಕೊಂಡಿದ್ದ.

“ಏನಾಯ್ತು ಎಮ್ರಿಸ್, ಓದೋಕೆ ಕನ್ನಡಕ ಬೇಕಾ?” ಎಂದು ಲಾರಿಯವನು ಕೆಳಗಿನಿಂದ ಕೂಗಿದ. “ನಂದು ತಗೋ, ನನಗೆ ಹೆಂಡ್ತಿ ಮುಖ ನೋಡೋಕೆ ಬೇಕಿಲ್ಲ.” ಸುತ್ತಲಿದ್ದವರು ನಕ್ಕರು. ಎಮ್ರಿಸ್ ನಂಬರುಗಳನ್ನು ಮೊದಲಿನಿಂದ ಓದಲು ಶುರುಮಾಡಿದ.

ಆ ಶನಿವಾರ ಅವನು ಮೆನ್ನಾಳನ್ನು ನೋಡಲು ಹೋದ. ಅವಳು ಆಸ್ಪತ್ರೆಯಿಂದ ಬಂದು ತಂಗಿಯ ಮನೆಯಲ್ಲಿದ್ದಳು. ಒಲೆಯ ಪಕ್ಕದ ಕುರ್ಚಿ, ಭುಜಕ್ಕೆ ಪಟ್ಟಿ. ಬಲಗೈಯ ಎರಡು ಬೆರಳು ಸುಟ್ಟು ಒಣಗಿದ್ದವು, ಮಡಿಸಲು ಬರುತ್ತಿರಲಿಲ್ಲ. ಎಡಗೈಯಲ್ಲಿ ಕಪ್ಪು ಹಿಡಿದು ಅರ್ಧ ಚಹಾವನ್ನು ತಟ್ಟೆಗೆ ಚೆಲ್ಲುತ್ತಿದ್ದಳು. ತಂಗಿ ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟು ಅಂಗಡಿಗೆ ಹೋದಳು.

“ತಿನ್ನು,” ಎಂದಳು ಮೆನ್ನಾ. “ಮುಖ ನೋಡಿದ್ರೆ ಕರೆಂಟ್ ನಿನಗೇ ಹೊಡೆದ ಹಾಗಿದೆ.”

ಅವನು ಬ್ರೆಡ್ಡನ್ನು ಮುರಿದ, ತಿನ್ನಲಿಲ್ಲ.

“ನಿನ್ನೆ ಇಡ್ವಲ್ ಬಂದಿದ್ದ,” ಎಂದಳು. “ನೀನು ಕೂತಿದ್ದೀಯಲ್ಲ, ಅದೇ ಕುರ್ಚೀಲಿ ಕೂತು ಅತ್ತ. ಅರವತ್ತು ವರ್ಷದ ಗಂಡಸು. ನನ್ನ ಕೈ ನೋಡಿ, ‘ಇದು ನಾನು ಮಾಡಿದ್ದು ಮೆನ್ನಾ’ ಅಂದ. ಸೋಮವಾರ ಆ ತಪಾಸಣೆ ಹೆಂಗಸು ಮತ್ತೆ ಬರ್ತಾಳಂತೆ. ಟೆಸ್ಟ್ ಮಾಡದೇ ಚೀಟಿ ಅಂಟಿಸ್ದೆ ಅಂತ ಬರೆದುಕೊಡ್ತಾನಂತೆ.”

ಎಮ್ರಿಸ್ ಬ್ರೆಡ್ಡಿನ ತುಂಡುಗಳನ್ನು ತಟ್ಟೆಗೆ ಇಟ್ಟ.

“ಆಫೀಸಿನ ಮುಂದೆ ಹುಲ್ಲು ಕೊಯ್ಯೋಳು ಯಾರು ಎಮ್ರಿಸ್?”

“ನೀನು.”

“ಹತ್ತು ವರ್ಷ ಆ ಕಿತ್ತಳೆ ವೈರನ್ನ ಹೆಗಲ ಮೇಲೆ ಹಾಕ್ಕೊಂಡು ಓಡಾಡಿದ್ದೀನಿ. ಪಂಪಿಗೆ ಬಂದ ದಿನಾನೇ ನನಗೆ ಗೊತ್ತಾಯ್ತು ಅದು ಯಾವುದು ಅಂತ. ನೀನು ಮಾಡಿದ್ದಲ್ವಾ, ಸರಿಯಾಗೇ ಇರುತ್ತೆ ಅಂದ್ಕೊಂಡೆ.”

ಒಲೆಯಲ್ಲಿ ಕಲ್ಲಿದ್ದಲು ಕುಸಿಯಿತು.

“ಆ ಹೆಂಗಸು ಕೇಳಿದಾಗ ಯಾಕೆ ಹೇಳ್ಲಿಲ್ಲ?” ಎಂದ ಎಮ್ರಿಸ್.

“ನನ್ನ ಗಂಡ ತೀರ್ಕೊಂಡ ವರ್ಷ ವಾಟ್ಕಿನ್ ಹತ್ರ ನಿಂತು ನನಗೆ ಕೆಲಸ ಕೊಡಿಸಿದ್ದು ನೀನು. ವೈರಿನ ಕಡೆ ನಾನು ನೋಡೋಲ್ಲ ಮೇಡಂ ಅಂದೆ. ನನ್ನ ಕೈ ತಾನೆ, ಹೋಯ್ತು, ಬಿಡು.” ತಟ್ಟೆಗೆ ಚೆಲ್ಲಿದ ಚಹಾವನ್ನು ಮತ್ತೆ ಕಪ್ಪಿಗೆ ಸುರಿದುಕೊಂಡಳು. “ಆದ್ರೆ ಇಡ್ವಲ್ ಹೆಸರು ಹೋಯ್ತು, ಬಿಡು ಅನ್ನೋಕೆ ನಾನ್ಯಾರು. ನೀನ್ಯಾರು. ನಾನು ಹೇಳಲ್ಲ ಎಮ್ರಿಸ್. ನನ್ನ ಬಾಯಿಂದ ಬೇಡ. ಈಗ ಎದ್ದು ಹೋಗು, ನನಗೆ ನೋವಿನ ಮಾತ್ರೆ ತಗೊಳೋ ಹೊತ್ತಾಯ್ತು.”

ಮನೆಗೆ ಹೋಗುವ ದಾರಿಯಲ್ಲಿ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಇಡ್ವಲ್ ಒಳಗಿದ್ದ. ಅವನು ಎರಡು ವಾರದಿಂದ ಕಣಿವೆಯಲ್ಲಿ ತಾನು ಹಿಂದೆ ಚೀಟಿ ಅಂಟಿಸಿದ್ದ ಸಾಮಾನನ್ನೆಲ್ಲ, ಬಾಗಿಲು ತೆರೆದವರ ಮನೆಯಲ್ಲೆಲ್ಲ, ಪುಕ್ಕಟೆಯಾಗಿ ಮತ್ತೆ ಪರೀಕ್ಷೆ ಮಾಡುತ್ತಿದ್ದಾನೆಂದು ಎಮ್ರಿಸ್ ಕೇಳಿದ್ದ. ಮೇಜಿನ ಮೇಲೆ ಚಹಾ ಕಾಯಿಸುವ ಹಂಡೆ. ಪಕ್ಕದಲ್ಲಿ ಹಳದಿ ಪೆಟ್ಟಿಗೆ. ಈಗ ಒಂದು ಹೊಸ ನೋಟುಪುಸ್ತಕವೂ ಇತ್ತು, ಅದರಲ್ಲಿ ಅಳತೆಗಳು.

“ಬಾ,” ಎಂದ ಇಡ್ವಲ್. “ಈ ಹಂಡೆ ಸ್ವಲ್ಪ ಎತ್ತಿ ಹಿಡ್ಕೋ. ಕೆಳಗಿನ ಸ್ಕ್ರೂ ನೋಡ್ಬೇಕು.”

ಎಮ್ರಿಸ್ ಹಂಡೆಯನ್ನು ಎತ್ತಿ ಎದೆಗೆ ಒತ್ತಿ ಹಿಡಿದ. ಅದು ಖಾಲಿಯಿದ್ದರೂ ಭಾರವಾಗಿತ್ತು. ಇಡ್ವಲ್ ಬಗ್ಗಿ ಕೆಳಗೆ ಟಾರ್ಚು ಬಿಟ್ಟಿದ್ದ, ಮುಖ ಕಾಣುತ್ತಿರಲಿಲ್ಲ. ಬಹುಶಃ ಅದಕ್ಕೇ ಮಾತು ಬಂತು.

“ಪಂಪಿನ ಪ್ಲಗ್ಗು ನೀನು ಬಿಚ್ಚಿದ್ದೆ,” ಎಂದ ಎಮ್ರಿಸ್. “ಮೂರು ತಂತೀನೂ ಎಳೆದು ನೋಡ್ದೆ. ಸ್ಕ್ರೂ ಬಾಯಲ್ಲಿ ಕಚ್ಕೊಂಡಿದ್ದೆ. ವೈರು ಕಪ್ಪಿತ್ತು. ಕಿತ್ತಳೆದು ನಾನು ಸೆಪ್ಟೆಂಬರಲ್ಲಿ ಹಾಕಿದ್ದು. ಹುಲ್ಲಿನ ಮಷೀನಿಂದು. ನಿನ್ನ ಚೀಟಿ ಅದರ ಜೊತೆ ಬಂತು.”

ಟಾರ್ಚಿನ ಬೆಳಕು ಅಲುಗಲಿಲ್ಲ. ಇಡ್ವಲ್ ಕೈಚಾಚಿ ಹಂಡೆಯ ಬುಡದ ಸ್ಕ್ರೂ ಒಂದನ್ನು ಬಿಗಿ ಮಾಡಿದ. ಅದು ಸಡಿಲವಾಗಿರಲಿಲ್ಲ.

“ಇಳಿಸು,” ಎಂದ.

ಎಮ್ರಿಸ್ ಇಳಿಸಿದ. ಇಡ್ವಲ್ ಹಂಡೆಯ ಪ್ಲಗ್ಗನ್ನು ಪೆಟ್ಟಿಗೆಗೆ ಜೋಡಿಸಿ, ಗುಂಡಿ ಒತ್ತಿ, ಅಂಕಿ ನಿಲ್ಲುವ ತನಕ ಕಾದು, ನೋಟುಪುಸ್ತಕದಲ್ಲಿ ಬರೆದ. ಬರೆದದ್ದರ ಕೆಳಗೆ ಎರಡು ಸಲ ಗೆರೆ ಎಳೆದ.

“ಆರು ವಾರ,” ಎಂದ. “ನನ್ನ ತಲೆ ಕೆಡ್ತಾ ಇದೆ ಅಂದ್ಕೊಂಡಿದ್ದೆ ಕಣೋ. ಮಗಳು ಡಾಕ್ಟರ ಹತ್ರ ಹೋಗೋಣ ಅಂದ್ಳು, ಮರೆವಿನ ಕಾಯಿಲೆ ಇರಬೇಕು ಅಂತ. ಹೋಗಿ ಬಂದೆ. ಅಲ್ಲಿ ಒಂದು ಹುಡುಗಿ ಕೂತ್ಕೊಂಡು, ಇವತ್ತು ಯಾವ ವಾರ, ನೂರರಿಂದ ಏಳು ಕಳೀರಿ ಅಂತ ಕೇಳಿದ್ಳು. ಅಂಚೆ ಕಚೇರಿ ಮುಂದೆ ನಿನ್ನ ಕೇಳಿದ್ನಲ್ಲೋ. ನೀನು ನೆನಪಿಲ್ಲ ಅಂದೆ.”

“ಅಂದೆ.”

“ಸೋಮವಾರ ಆ ತಪಾಸಣೆ ಹೆಂಗಸಿನ ಮುಂದೆ ಹೇಳ್ತೀಯಾ?”

“ಹೇಳ್ತೀನಿ.”

“ಹೇಳು. ನಾನೂ ಬರ್ತೀನಿ, ಕೇಳೋಕೆ.” ಪೆಟ್ಟಿಗೆಯ ಮುಚ್ಚಳ ಹಾಕಿದ. “ಈಗ ಹೋಗು. ನನಗಿನ್ನೂ ಎರಡು ಹೀಟರ್ ಇದೆ.”

ಭಾನುವಾರ ಎಮ್ರಿಸ್ ಹೊರಗೆ ಕಾಲಿಡಲಿಲ್ಲ. ಸೋಮವಾರ ಹತ್ತಕ್ಕೆ ವಾಟ್ಕಿನ್‌ನ ಆಫೀಸಿನಲ್ಲಿ ನಾಲ್ವರಿದ್ದರು. ಇಡ್ವಲ್ ಕೋಟು ತೆಗೆಯದೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ. ಹ್ಯಾರಪ್ ಮೊದಲು ಅವನನ್ನೇ ಕೇಳಲು ಹೊರಟಿದ್ದಳು. ಎಮ್ರಿಸ್ ನಡುವೆ ಬಾಯಿ ಹಾಕಿ, ತನ್ನದನ್ನು ಮೊದಲು ಬರೆದುಕೊಳ್ಳಿ ಎಂದ. ಹೇಳಿದ: ಲಾರಿ, ಕತ್ತರಿಸಿದ ವೈರು, ಎರಡು ತಂತಿ, ಖಾಲಿ ಸ್ಕ್ರೂ. ಮಾರ್ಚಿನಲ್ಲಿ ಕೊಡೆ ಹಿಡಿದು ತಾನು ಕಂಡದ್ದು. ಹೋದ ಸಲ ಇಲ್ಲ ಎಂದದ್ದು ಸುಳ್ಳು ಎಂಬುದು.

ವಾಟ್ಕಿನ್‌ನ ಮುಖ ಕೆಂಪಾಯಿತು. “ನನಗೊಂದು ಮಾತು ಹೇಳಿದ್ರೆ ಅವತ್ತೇ ಹೊಸ ಪಂಪು ತರಿಸ್ತಿದ್ದೆ,” ಎಂದ.

“ನೀವು ಕೇಳಿದ್ರಾ?” ಎಂದಳು ಹ್ಯಾರಪ್. “ವರ್ಷದಲ್ಲಿ ಒಂದು ಮಂಗಳವಾರ ಬಿಟ್ಟು ಮಿಕ್ಕ ದಿನ ಆ ಸಾಮಾನುಗಳನ್ನ ಯಾರು ನೋಡ್ತಾ ಇದ್ರು, ಅವರಿಗೆ ಏನು ಕಲಿಸಿದ್ರಿ? ಅದು ನಿಮಗೆ ಬೇರೆಯಾಗಿ ಕೇಳ್ತೀನಿ.”

ಅವಳು ಬರೆದು ಮುಗಿಸಿ, ಹಾಳೆಯನ್ನು ಗಟ್ಟಿಯಾಗಿ ಓದಿದಳು. ಎಲ್ಲವೂ ಅವನು ಹೇಳಿದಂತೆಯೇ ಇತ್ತು. ಕೊನೆಯ ಹತ್ತಿರ ಒಂದು ಸಾಲು: ‘ಹರಾಜಿನ ಗಡಿಬಿಡಿ ಮುಗಿದ ನಂತರ ಸರಿಯಾದ ವೈರು ಹಾಕುವುದನ್ನು ನಾನು ಮರೆತೆ.’

“ಸರಿ ಇದ್ರೆ ಕೆಳಗೆ ಸಹಿ ಮಾಡಿ,” ಎಂದು ಪೆನ್ನು ಮುಂದೆ ತಳ್ಳಿದಳು.

ಎಮ್ರಿಸ್ ಪೆನ್ನು ತೆಗೆದುಕೊಂಡ. ಮರೆತೆ ಎಂಬ ಮಾತು ಅವನು ಆಡಿದ್ದಲ್ಲ. ಕೆಲಸದವರು ಸಾಮಾನ್ಯವಾಗಿ ಹೇಳುವುದು ಹಾಗೆ, ಅವಳು ಅಭ್ಯಾಸಬಲದಿಂದ ಬರೆದಿರಬೇಕು. ವಾಟ್ಕಿನ್ ತಲೆಯಾಡಿಸುತ್ತಿದ್ದ, ಮನುಷ್ಯ ಅಂದಮೇಲೆ ಮರೆವು ಇದ್ದದ್ದೇ ಎಂಬಂತೆ. ಸಹಿ ಹಾಕಿದರೆ ಆ ಮಾತಿನ ಕೆಳಗೆ ಸ್ವಲ್ಪ ನೆರಳು ಸಿಗುತ್ತಿತ್ತು. ಅವನಿಗೆ ಬಾಗಿಲ ಕಡೆ ನೋಡಲಾಗಲಿಲ್ಲ.

“ಇದು ಹೊಡೆದು ಹಾಕ್ಬೇಕು ಮೇಡಂ,” ಎಂದ.

“ಯಾವುದು?”

“ಮರೆತೆ ಅಂತಿದೆಯಲ್ಲ, ಅದು. ಮರೆತಿರ್ಲಿಲ್ಲ ನಾನು. ಪ್ರತಿ ಗುರುವಾರ ಮೆನ್ನಾ ಆ ಕಿತ್ತಳೆ ವೈರನ್ನ ಏಳನೇ ಸಾಲಿಗೆ ಎಳ್ಕೊಂಡು ಹೋಗೋದು ನೋಡ್ತಿದ್ದೆ. ನೋಡಿದಾಗೆಲ್ಲ ನೆನಪಾಗ್ತಿತ್ತು. ಮುಂದಿನ ವಾರ ನೋಡೋಣ ಅಂತಿದ್ದೆ.”

ಹ್ಯಾರಪ್ ಹಾಳೆಯನ್ನು ತನ್ನ ಕಡೆ ತಿರುಗಿಸಿ ಆ ಸಾಲನ್ನು ಮತ್ತೆ ಓದಿದಳು. “ಹಾಗೆ ಬರೆದ್ರೆ ನಿಮಗೆ ಭಾರ ಆಗುತ್ತೆ. ಗೊತ್ತಿದೆ ತಾನೆ?”

“ಗೊತ್ತಿದೆ.”

“ಹಾಗಾದ್ರೆ ನಿಮ್ಮ ಕೈಯಲ್ಲೇ ಬರೀರಿ. ಹೊಡೆದು ಹಾಕಿದ ಜಾಗದ ಪಕ್ಕ ಸಣ್ಣ ಸಹಿ.”

ಅವನು ಆ ಪದದ ಮೇಲೆ ಗೆರೆ ಎಳೆದ. ಮೇಲೆ ಬರೆಯಲು ಜಾಗ ಸಾಲದೆ ಅಂಚಿನಲ್ಲಿ, ಕುರಿಗಳ ನಂಬರು ಗೀಚಿ ಒರಟಾದ ತನ್ನ ಅಕ್ಷರದಲ್ಲಿ ಬರೆದ: ಪ್ರತಿ ವಾರ ನೆನಪಿತ್ತು. ಪಕ್ಕದಲ್ಲಿ ಸಹಿ ಹಾಕಿದ. ಹಿಂದೆ ಕುರ್ಚಿ ಸರಿದ ಸದ್ದಾಯಿತು. ಇಡ್ವಲ್ ಎದ್ದು ಬಾಗಿಲು ತೆರೆದು ಹೊರಗೆ ಹೋದ. ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡ. ಎಮ್ರಿಸ್ ಹಾಳೆಯ ಕೊನೆಗೆ ಇಳಿದು, ಅಲ್ಲಿಯೂ ತನ್ನ ಹೆಸರನ್ನು ಪೂರ್ತಿಯಾಗಿ ಬರೆದ.